ಕಣ್ಣೊಳಗೆ ಗ್ಯಾಸ್, ತುಳುಕುವ ಗೆರೆ: ಊಟಿ ಮದುವೆಗೆ ಹೋಗಬಹುದೇ?

ಪ್ರಶ್ನೆ: ನನಗೆ 56 ವರ್ಷ. ಮದ್ದೂರು ತಾಲ್ಲೂಕಿನವನು, ಊರಲ್ಲಿ ಆಲೆಮನೆ ಇದೆ. ಒಂದೂವರೆ ತಿಂಗಳ ಹಿಂದೆ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತು. ಮಸಿ ಉದುರಿದಂತೆ ಕಪ್ಪು ಚುಕ್ಕೆಗಳೂ ಕಂಡವು. ಆಲೆಮನೆ ಹೊಗೆಯಿಂದ ಇರಬೇಕು ಅಂತ ಸುಮ್ಮನಿದ್ದೆ. ಮೂರು ವಾರ ಆದ ಮೇಲೆ ಕೆಳಗಿನಿಂದ ಕಪ್ಪು ಪರದೆ ಏರಿ ಬಂದು ಎದುರಿಗಿದ್ದವರ ಮುಖವೇ ಕಾಣದಾಯಿತು. ಒಂದು ವಾರ ನಾಟಿ ಔಷಧಿ ಮಾಡಿ, ಆಮೇಲೆ ಮೈಸೂರಿನಲ್ಲಿ ತೋರಿಸಿದೆ. ಕಣ್ಣಿನ ಹಿಂದಿನ ಪದರ, ರೆಟಿನಾ, ಕಿತ್ತು ಬಂದಿದೆ ಅಂದರು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಗ್ಯಾಸಿನ ಹೆಸರು ಸಿ3ಎಫ್8 ಎಂದು ಬರೆದಿದೆ. ಇವತ್ತಿಗೆ 16 ದಿನ. ಮೊದಲ ವಾರ ಬರೀ ಬೆಳಕು, ಕೈ ಆಡಿಸಿದರೆ ನೆರಳು. ಈಗ ಮೇಲ್ಗಡೆ ಸ್ವಲ್ಪ ಕಾಣುತ್ತೆ. ಅದರ ಕೆಳಗೆ ಒಂದು ಕಪ್ಪು ಗೆರೆ. ತಲೆ ಅಲ್ಲಾಡಿಸಿದರೆ ಲೋಟದ ನೀರಿನ ಹಾಗೆ ತುಳುಕುತ್ತೆ. ಪಕ್ಕದ ಮನೆಯವರು ಪೊರೆ ಆಪರೇಷನ್ ಮಾಡಿಸಿಕೊಂಡು ಮಾರನೇ ದಿನವೇ ಪೇಪರ್ ಓದಿದರು. ನನ್ನ ಆಪರೇಷನ್ ಕೆಟ್ಟಿತೇ? ಗ್ಯಾಸ್ ಬದಲು ಎಣ್ಣೆ ಹಾಕಿಸಬೇಕಿತ್ತು ಅಂತ ಒಬ್ಬರು ಹೇಳುತ್ತಾರೆ. ಮನೆಯಲ್ಲಿ ಬದನೆಕಾಯಿ, ಬಾಡು, ಅವರೆಕಾಳು ಎಲ್ಲ ಬಂದ್. ನಮ್ಮ ತಾಯಿ ನಂದಿಬಟ್ಟಲು ಹೂವಿನ ರಸ ಬಿಡೋಣ ಅನ್ನುತ್ತಿದ್ದಾರೆ. ಮುಂದಿನ ವಾರ ಬಾಮೈದನ ಮಗಳ ಮದುವೆ. ಗಂಡು ಊಟಿಯವರು, ಮದುವೆ ಅಲ್ಲೇ. ಬೀಗರೂಟ ಮಾತ್ರ ನಮ್ಮ ಪಕ್ಕದೂರಿನಲ್ಲಿ. ಡಾಕ್ಟರು "ಬೆಟ್ಟ ಹತ್ತಬೇಡಿ" ಅಂದಿದ್ದಾರೆ. ನಾನು ಹತ್ತುವುದಿಲ್ಲ, ಕಾರಿನಲ್ಲಿ ಕೂತು ಹೋಗಿ ಕೂತು ಬರುತ್ತೇನೆ. ಹೋಗಬಹುದೇ?

ಉತ್ತರ: ಮೊದಲು ಊಟಿ ಮಾತು ಮುಗಿಸೋಣ. ಉಳಿದದ್ದಕ್ಕೆ ಸಮಯ ಇದೆ, ಇದಕ್ಕಿಲ್ಲ. ಹೋಗಬೇಡಿ. ಕಾರಿನಲ್ಲಿ ಕೂತೂ ಹೋಗಬೇಡಿ.

"ಬೆಟ್ಟ ಹತ್ತಬೇಡಿ" ಅನ್ನುವ ಮಾತು ನಿಮಗೆ ಬೇರೆ ಥರ ಕೇಳಿಸಿದ್ದು ನಿಮ್ಮ ತಪ್ಪಲ್ಲ. ನಾವು ಡಾಕ್ಟರುಗಳು ಅವಸರದಲ್ಲಿ ಹಾಗೇ ಹೇಳಿ ಕಳಿಸಿಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಹೇಳುತ್ತಿದ್ದೆ. ಒಬ್ಬರು ಆಪರೇಷನ್ ಆದ ಎರಡನೇ ವಾರಕ್ಕೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದು, "ಮೆಟ್ಟಿಲು ಹತ್ತಲಿಲ್ಲ ಸಾರ್, ಬಸ್ಸಲ್ಲೇ ಹೋದೆ" ಅಂತ ಹೆಮ್ಮೆಯಿಂದ ಹೇಳಿದರು. ಅವರ ಪುಣ್ಯ, ಏನೂ ಆಗಲಿಲ್ಲ. ಅವತ್ತಿನಿಂದ ನಾನು ಮಾತು ಬದಲಾಯಿಸಿದೆ. ಕಾಲಿಗೆ ಆಯಾಸವಾಗುತ್ತೆ ಅನ್ನುವುದಲ್ಲ ವಿಷಯ. ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ಅದೇ ಇಲ್ಲಿ ಅಪಾಯ.

ಊಟಿಗೆ ಹೋಗುವಾಗ ಗಾಡಿಯಲ್ಲಿಟ್ಟ ಚಿಪ್ಸ್ ಪೊಟ್ಟಣ ಉಬ್ಬಿಕೊಳ್ಳುವುದನ್ನು ನೋಡಿದ್ದೀರಲ್ವಾ? ಹೊರಗಿನ ಗಾಳಿಯ ಒತ್ತಡ ಇಳಿದಂತೆ ಒಳಗಿನ ಗಾಳಿ ಹಿಗ್ಗುತ್ತೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ನಿಮ್ಮ ಸೀಮೆಯಲ್ಲಿ ಕಣ್ಣೊಳಗೆ ಕೂತಿರುವ ಗ್ಯಾಸ್ ಊಟಿ ತಲುಪುವ ಹೊತ್ತಿಗೆ ಐದರಲ್ಲೊಂದು ಪಾಲಿನಷ್ಟು ಹಿಗ್ಗಲು ನೋಡುತ್ತೆ. ಪೊಟ್ಟಣವಾದರೆ ಉಬ್ಬಬಹುದು. ಕಣ್ಣುಗುಡ್ಡೆ ಉಬ್ಬುವುದಿಲ್ಲ, ಅದರ ಗೋಡೆ ಗಟ್ಟಿ. ಒಳಗೆ ಇರುವ ಜಾಗವೇ ಸುಮಾರು 4 ಮಿಲಿಲೀಟರ್, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಹಿಗ್ಗಲು ಜಾಗ ಸಿಗದ ಗ್ಯಾಸ್ ಕಣ್ಣಿನ ಒತ್ತಡವನ್ನು ಏರಿಸುತ್ತೆ. ಜಾಸ್ತಿ ಏರಿದರೆ ರೆಟಿನಾಕ್ಕೆ ಹೋಗುವ ರಕ್ತವೇ ನಿಲ್ಲಬಹುದು. ಹಾಗೆ ಹೋದ ನೋಟ ವಾಪಸ್ ಬರುವ ಭರವಸೆ ಇಲ್ಲ.

ಇದರಲ್ಲಿ ಇನ್ನೊಂದು ಮೋಸ ಇದೆ. ಕಣ್ಣಿನ ಒತ್ತಡ ಏರಿದರೆ ತಲೆನೋವು, ಕಣ್ಣು ಸಿಡಿಯುವ ನೋವು, ಹೊಟ್ಟೆ ತೊಳಸಿ ವಾಂತಿ. ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿಯ 36 ತಿರುವಿನಲ್ಲಿ ವಾಂತಿ ಮಾಡದವರು ಯಾರು? ಜೊತೆಗಿದ್ದವರು ನಿಂಬೆಹಣ್ಣು ಮೂಸಿಸುತ್ತಾರೆ, ಇನ್ನೇನು ಬಂತು ಅನ್ನುತ್ತಾರೆ, ಗಾಡಿ ಮೇಲಕ್ಕೇ ಹೋಗುತ್ತಿರುತ್ತೆ. ಕಣ್ಣಿನ ವಾಂತಿಯೋ ಘಾಟಿಯ ವಾಂತಿಯೋ ಅಂತ ದಾರಿಯಲ್ಲಿ ಗೊತ್ತುಮಾಡಿಕೊಳ್ಳುವುದು ನನಗೂ ಆಗದ ಕೆಲಸ.

ಮಡಿಕೇರಿ ಇಷ್ಟು ಎತ್ತರವಿಲ್ಲ, ಸುಮಾರು 1,170 ಮೀಟರ್. ಅಲ್ಲಿ ಗ್ಯಾಸ್ ಹಿಗ್ಗುವುದೂ ಕಡಿಮೆ. ಆದರೂ ಕಣ್ಣೊಳಗಿನ ಗ್ಯಾಸ್ ಗುಳ್ಳೆ ದೊಡ್ಡದಾಗಿರುವಾಗ ನಾನು ಕಳಿಸುವುದಿಲ್ಲ. ವಿಮಾನವಂತೂ ಬೇಡವೇ ಬೇಡ. ಮೈಸೂರು, ಬೆಂಗಳೂರು, ಮಂಡ್ಯ ಓಡಾಟಕ್ಕೆ ತೊಂದರೆ ಇಲ್ಲ. ಗುಳ್ಳೆ ಪೂರ್ತಿ ಕರಗಿತು ಅಂತ ನಿಮ್ಮ ಡಾಕ್ಟರು ಕಣ್ಣು ನೋಡಿ ಹೇಳಿದ ಮೇಲೆ ಊಟಿಗೂ ಹೋಗಿ, ಕೊಡೈಕನಾಲಿಗೂ ಹೋಗಿ.

ಇದರ ಜೊತೆಗೇ ಒಂದು ಮಾತು. ಗುಳ್ಳೆ ಇರುವಷ್ಟು ದಿನ ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡಬೇಕಾಗಿ ಬಂದರೆ, ಕಣ್ಣಲ್ಲಿ ಗ್ಯಾಸ್ ಇದೆ ಅಂತ ಮೊದಲೇ ಹೇಳಬೇಕು. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ರಕ್ತದಿಂದ ಕಣ್ಣಿನ ಗುಳ್ಳೆಯೊಳಗೆ ನುಗ್ಗಿ ಅದನ್ನು ಹಿಗ್ಗಿಸುತ್ತೆ. ಊಟಿಗೆ ಹೋಗದೆಯೇ ಊಟಿಗೆ ಹೋದಂತೆ. ಎಷ್ಟೋ ಕಡೆ ಆಪರೇಷನ್ ಆದವರ ಕೈಗೆ ಒಂದು ಪಟ್ಟಿ ಕಟ್ಟಿ ಕಳಿಸುತ್ತಾರೆ. ನಿಮಗೆ ಕಟ್ಟಿಲ್ಲದಿದ್ದರೆ ಒಂದು ಚೀಟಿಯಲ್ಲಿ "ಬಲಗಣ್ಣಿನಲ್ಲಿ ಸಿ3ಎಫ್8 ಗ್ಯಾಸ್ ಇದೆ" ಅಂತ ಬರೆದು, ಆಪರೇಷನ್ ದಿನಾಂಕ ಹಾಕಿ ಜೇಬಿನಲ್ಲಿಟ್ಟುಕೊಳ್ಳಿ. ಅಪಘಾತವಾಗಿ ಎಚ್ಚರ ತಪ್ಪಿದರೆ ನಿಮ್ಮ ಪರವಾಗಿ ಆ ಚೀಟಿಯೇ ಮಾತಾಡಬೇಕು.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ಆಪರೇಷನ್ ಕೆಟ್ಟಿತೇ?

ನೀವು ಬರೆದಿರುವುದನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಮೊದಲ ವಾರ ಬರೀ ನೆರಳು, ಆಮೇಲೆ ಮೇಲಿನಿಂದ ಸ್ವಲ್ಪ ಬೆಳಕು, ನಡುವೆ ತುಳುಕುವ ಗೆರೆ. ಗ್ಯಾಸ್ ತುಂಬಿದ ಕಣ್ಣು ನಡೆಯಬೇಕಾದ ದಾರಿಯೇ ಇದು. ಆ ಮಂಜು ರೆಟಿನಾದ್ದಲ್ಲ, ಗುಳ್ಳೆಯದು. ಗಾಳಿಯ ಮೂಲಕ ಹಾದ ಬೆಳಕು ರೆಟಿನಾದ ಮೇಲೆ ಸರಿಯಾಗಿ ಕೂಡುವುದಿಲ್ಲ. ರೆಟಿನಾ ಎಷ್ಟೇ ಚೆನ್ನಾಗಿ ಕೂತಿದ್ದರೂ ಗುಳ್ಳೆಯ ಹಿಂದಿನಿಂದ ನಿಮಗೆ ಕಾಣುವುದು ಕೈಯ ನೆರಳು ಮಾತ್ರ. ಹಾಗಾಗಿ ಈಗ ಎಷ್ಟು ಮಂಜಾಗಿದೆ ಅನ್ನುವುದರ ಮೇಲೆ ಮುಂದೆ ಎಷ್ಟು ಕಾಣುತ್ತೆ ಅಂತ ಲೆಕ್ಕ ಹಾಕಲಾಗದು.

ಪಕ್ಕದ ಮನೆಯವರ ಪೊರೆಗೆ ಇದನ್ನು ಹೋಲಿಸಲೇಬೇಡಿ. ಪೊರೆ ಅಂದರೆ ಕಿಟಕಿಯ ಗಾಜು ಮಬ್ಬಾದದ್ದು. ಗಾಜು ಬದಲಾಯಿಸಿದರೆ ಮಾರನೇ ದಿನ ಹೊರಗಿನದು ಕಾಣುತ್ತೆ. ನಿಮ್ಮದು ಮನೆಯೊಳಗಿನ ತೊಂದರೆ.

ಗದ್ದೆಯ ಲೆಕ್ಕದಲ್ಲಿ ಹೇಳಿದರೆ ನಿಮಗೆ ಬೇಗ ಹೊಳೆಯಬಹುದು. ರೆಟಿನಾ ಅಂದರೆ ಕಣ್ಣಿನ ಹಿಂದಿನ ಗೋಡೆಗೆ ಹರಡಿಕೊಂಡ ತೆಳು ಪದರ. ಪೈರು ಮಣ್ಣಿನಿಂದ ಸಾರ ಎಳೆದುಕೊಳ್ಳುವ ಹಾಗೆ ಅದರ ಕಾಣುವ ಕೋಶಗಳು ಹಿಂದಿನ ಪದರದಿಂದ ಆಹಾರ ಎಳೆದುಕೊಳ್ಳುತ್ತವೆ. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ನೀರಾಗಿ, ಕುಗ್ಗಿ, ರೆಟಿನಾವನ್ನು ಜಗ್ಗುತ್ತೆ. ಆ ಜಗ್ಗಾಟವೇ ನೀವು ಕಂಡ ಮಿಂಚು. ಜಗ್ಗಿ ಹರಿದಾಗ ಉದುರಿದ ರಕ್ತದ ಕಣಗಳು, ಚೂರುಗಳು ನೀವು ಕಂಡ ಮಸಿ. ಹರಿದ ತೂತಿನಿಂದ ನೀರು ಅಡಿಗೆ ನುಗ್ಗಿತು. ಬದು ಒಡೆದು ನೀರು ನುಗ್ಗಿದ ಗದ್ದೆಯಲ್ಲಿ ಪೈರು ಬೇರು ಸಮೇತ ಮೇಲೆದ್ದು ತೇಲುತ್ತಲ್ಲ, ಹಾಗೆ ರೆಟಿನಾ ಎದ್ದು ಬಂತು. ಆಲೆಮನೆ ಹೊಗೆ ಕಣ್ಣು ಉರಿಸುತ್ತೆ, ಕೆಂಪು ಮಾಡುತ್ತೆ. ಮಿಂಚು ಹೊಡೆಸುವುದಿಲ್ಲ.

ಆಪರೇಷನ್‌ನಲ್ಲಿ ಆ ಲೋಳೆ ತೆಗೆದು, ನೀರು ಹೊರಗೆಳೆದು, ತೂತಿನ ಸುತ್ತ ಲೇಸರ್ ಹಾಕಿ, ಗ್ಯಾಸ್ ತುಂಬಿರುತ್ತಾರೆ. ಲೇಸರ್ ಹಾಕಿದ ಜಾಗ ಗಟ್ಟಿಯಾಗಿ ಅಂಟಲು 10-14 ದಿನ ಬೇಕು. ಅಲ್ಲಿಯವರೆಗೆ ತೂತನ್ನು ಒಳಗಿನಿಂದ ಒತ್ತಿ ಹಿಡಿಯುವುದು ಗುಳ್ಳೆಯ ಕೆಲಸ. ಕಣ್ಣಿಗೆ ಗ್ಯಾಸ್ ಅಂದರೆ ನಿಮಗೆ ಹೊಸ ಪ್ರಯೋಗದಂತೆ ಕೇಳಿಸಬಹುದು. 1970ರ ದಶಕದಿಂದಲೂ ಹಾಕುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿದ್ದ ಡಾ. ಜೂಲ್ಸ್ ಗೋನಿನ್ ಸುಮಾರು ನೂರು ವರ್ಷದ ಹಿಂದೆ "ತೂತು ಮುಚ್ಚದೆ ರೆಟಿನಾ ಕೂರುವುದಿಲ್ಲ" ಅಂತ ತೋರಿಸಿಕೊಟ್ಟರು. ಅದಕ್ಕೆ ಮೊದಲು ಈ ಕಾಯಿಲೆ ಬಂತೆಂದರೆ ಆ ಕಣ್ಣು ಹೋದಂತೆಯೇ ಲೆಕ್ಕ. ಈಗ ಹತ್ತು ಜನರಲ್ಲಿ ಎಂಟು-ಒಂಬತ್ತು ಮಂದಿಗೆ ಒಂದೇ ಆಪರೇಷನ್‌ನಲ್ಲಿ ರೆಟಿನಾ ಕೂರುತ್ತೆ.

ಹಾಗಾದರೆ ಉಳಿದ ಒಬ್ಬಿಬ್ಬರಲ್ಲಿ ನೀವಿದ್ದೀರೋ ಇಲ್ಲವೋ ಅಂತ ಮನೆಯಲ್ಲಿ ಕೂತು ತಿಳಿಯುವುದು ಹೇಗೆ? ಗೆರೆಯ ಮೇಲಿನ ಭಾಗ ನೋಡಿ. ನನ್ನ ರೋಗಿಗಳಿಗೆ ಬೇರೆ ಏನು ಮರೆತರೂ ಇದೊಂದು ಮರೆಯಬೇಡಿ ಅನ್ನುತ್ತೇನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ಯಾಸ್ ಹಗುರ, ಅದು ಕಣ್ಣಿನ ಮೇಲ್ಭಾಗದಲ್ಲಿ ತೇಲುತ್ತೆ. ಆದರೆ ಕಣ್ಣಿನಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತೆ. ರೆಟಿನಾದ ಮೇಲ್ಭಾಗ ಕೆಳಗಿನದನ್ನು ನೋಡುತ್ತೆ, ಕೆಳಭಾಗ ಮೇಲಿನದನ್ನು ನೋಡುತ್ತೆ. ಹಾಗಾಗಿ ಮೇಲೆ ತೇಲುವ ಗುಳ್ಳೆ ನಿಮಗೆ ಕೆಳಗೆ ಕಾಣುತ್ತೆ. ದಿನ ಹೋದಂತೆ ಗ್ಯಾಸ್ ರಕ್ತಕ್ಕೆ ಕರಗಿ ಹೋಗುತ್ತೆ, ಖಾಲಿಯಾದ ಜಾಗಕ್ಕೆ ಕಣ್ಣೇ ಊರಿಸಿಕೊಂಡ ನೀರು ಬರುತ್ತೆ. ಗೆರೆ ಅಂದರೆ ಆ ನೀರು ಮತ್ತು ಗ್ಯಾಸ್ ಸೇರುವ ಜಾಗ. ಗಾರೆ ಕೆಲಸದವರ ರಸಮಟ್ಟದ ಗುಳ್ಳೆಯ ಹಾಗೆ ಅದು ತಲೆಯ ಜೊತೆ ಅಲುಗುತ್ತೆ. ಗೆರೆ ಮೆಲ್ಲಗೆ ಕೆಳಗಿಳಿಯುತ್ತಾ ಹೋಗಬೇಕು. ಸಿ3ಎಫ್8 ಪೂರ್ತಿ ಕರಗಲು 6-8 ವಾರ ಬೇಕು. ನಡುವೆ ಒಂದು ದಿನ ಗೆರೆ ಸರಿಯಾಗಿ ಎದುರಿಗೇ ಬಂದು ನಿಲ್ಲುತ್ತೆ. ಆ ನಾಲ್ಕೈದು ದಿನ ಬಹಳ ಹಿಂಸೆ, ಹೆದರಬೇಡಿ. ಕೊನೆಗೆ ಅದು ಗೋಲಿಯಷ್ಟಾಗಿ ಕಾಲ ಬುಡದಲ್ಲಿ ಉರುಳಾಡುವ ಹಾಗೆ ಕಾಣುತ್ತೆ. ತಲೆ ತಗ್ಗಿಸಿದರೆ ಎದುರಿಗೇ ದುಂಡಗೆ ನಿಲ್ಲುತ್ತೆ. ಕೆಲವೊಮ್ಮೆ ಒಡೆದು ನಾಲ್ಕೈದು ಸಣ್ಣ ಗುಳ್ಳೆಯಾಗುತ್ತೆ. "ಸಾರ್, ಕಣ್ಣಲ್ಲಿ ಏನೋ ಮೊಟ್ಟೆ ಇಟ್ಟಿದೆ" ಅಂತ ಒಬ್ಬ ಅಜ್ಜಿ ಗಾಬರಿಯಿಂದ ಬಂದಿದ್ದರು. ಅಷ್ಟೇ, ಮರುವಾರಕ್ಕೆ ಅವೂ ಇರಲಿಲ್ಲ.

ಈಗ ಎಚ್ಚರದ ಮಾತು. ಗುಳ್ಳೆ ಮೇಲ್ಭಾಗವನ್ನು ಹಿಡಿದುಕೊಂಡಿದೆ. ರೆಟಿನಾದ ಕೆಳಭಾಗಕ್ಕೆ ಅದರ ಆಸರೆ ಇಲ್ಲ. ಮತ್ತೆ ಏಳುವುದಾದರೆ ಸಾಮಾನ್ಯವಾಗಿ ಅಲ್ಲಿಂದಲೇ ಏಳುತ್ತೆ. ಆ ಭಾಗದ ನೋಟ ನಿಮಗೆ ಕಾಣುವುದು ಗೆರೆಯ ಮೇಲೆ, ಈಗ ತಿಳಿಯಾಗಿರುವ ಜಾಗದಲ್ಲಿ. ದಿನಾ ಬೆಳಗ್ಗೆ ಎಡಗಣ್ಣು ಮುಚ್ಚಿ, ನೆಟ್ಟಗೆ ಕೂತು, ಎದುರಿನ ಗೋಡೆಯ ಮೇಲ್ಭಾಗ ನೋಡಿ. ನಿನ್ನೆ ಕಂಡದ್ದು ಇವತ್ತೂ ಕಾಣಬೇಕು. ಅಲ್ಲಿ ಹೊಸದಾಗಿ ನೆರಳು ಇಳಿದರೆ, ಮತ್ತೆ ಮಿಂಚು ಶುರುವಾದರೆ ಅವತ್ತೇ ಹೊರಡಿ. ನೋವು ದಿನೇದಿನೇ ಏರಿದರೆ, ಕಣ್ಣು ಜಾಸ್ತಿ ಕೆಂಪಾಗಿ ಕೀವು ಬಂದರೆ, ತಲೆನೋವಿನ ಜೊತೆ ವಾಂತಿಯಾದರೆ ರಾತ್ರಿ ಅಂತ ಕಾಯಬೇಡಿ. ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿ. ಅಲ್ಲಿಗೆ ಹೋಗಲು ತಡವಾಗುವುದಾದರೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ಕಣ್ಣಿನ ವಿಭಾಗದವರನ್ನು ಕೇಳಿ. ಗೆರೆಯ ಕೆಳಗಿನ ಮಂಜಿಗೆ ಮಾತ್ರ ಓಡಿ ಬರಬೇಡಿ. ಅದು ಇರಲೇಬೇಕು.

ಗುಳ್ಳೆ ಒಂದೇ ಅಲ್ಲ, ಮಂಜಿಗೆ ಚಿಲ್ಲರೆ ಕಾರಣಗಳೂ ಇವೆ. ಪಾಪೆ ಹಿಗ್ಗಿಸುವ ಹನಿ ಬಿಡುತ್ತಿದ್ದರೆ ಬಿಸಿಲು ಚುಚ್ಚುತ್ತೆ, ಹತ್ತಿರದ್ದು ಮಸುಕಾಗುತ್ತೆ. ಹೊಲಿಗೆ ಇದ್ದರೆ ಮರಳು ಬಿದ್ದಂತೆ ಚುಚ್ಚುತ್ತೆ. ಕಣ್ಣಿನ ಮೇಲ್ಮೈ ಒಣಗುತ್ತೆ. ಇವೆಲ್ಲ ವಾರಗಳಲ್ಲಿ ಸರಿಹೋಗುತ್ತವೆ.

ಕಷ್ಟದ ಮಾತನ್ನೂ ಹೇಳಬೇಕು. ಗುಳ್ಳೆ ಹೋದ ಮೇಲೆ ನೋಟ ಮೊದಲಿನಷ್ಟೇ ಬರುತ್ತೆ ಅಂತ ನಾನು ಮಾತು ಕೊಡಲಾರೆ. ಮುಖ ಕಾಣದಾಯಿತು ಅಂದಿರಲ್ಲ, ಅಂದರೆ ರೆಟಿನಾದ ನಟ್ಟನಡುವಿನ ಭಾಗವೂ ಎದ್ದಿತ್ತು. ಓದುವುದು, ಮುಖ ಗುರುತಿಸುವುದು ಎಲ್ಲ ಆ ಸಣ್ಣ ಜಾಗದ ಕೆಲಸ. ಅದು ಎದ್ದು ಒಂದು ವಾರ ಆಹಾರವಿಲ್ಲದೆ ಇತ್ತು. ತೇಲಿದ ಪೈರನ್ನು ಮತ್ತೆ ನೆಟ್ಟರೆ ಎಲ್ಲವೂ ಚಿಗುರುವುದಿಲ್ಲ, ಚಿಗುರುವುದಕ್ಕೂ ದಿನ ಬೇಕು. ಮೊದಲ ಮೂರು ತಿಂಗಳಲ್ಲಿ ಸುಮಾರು ಸುಧಾರಿಸುತ್ತೆ, ಆಮೇಲೆ ಒಂದು ವರ್ಷದವರೆಗೂ ಚೂರುಚೂರಾಗಿ ಏರುತ್ತೆ. ನೇರ ಗೆರೆ ಡೊಂಕಾಗಿ ಕಾಣಬಹುದು. ಆ ಕಣ್ಣಿಗೆ ವಸ್ತುಗಳು ಸ್ವಲ್ಪ ಚಿಕ್ಕದಾಗಿ ಕಾಣಬಹುದು. ಇದನ್ನು ಬರೆದದ್ದು ನಿಮ್ಮನ್ನು ಬೈಯುವುದಕ್ಕಲ್ಲ. ಎಡಗಣ್ಣಿನ ಸಲುವಾಗಿ. ಒಂದು ಕಣ್ಣಿಗೆ ಹೀಗಾದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಇನ್ನೊಂದಕ್ಕೂ ಆಗುವ ಸಾಧ್ಯತೆ ಇದೆ. ಎಡಗಣ್ಣಿಗೆ ಪಾಪೆ ಹಿಗ್ಗಿಸಿ ಅಂಚಿನವರೆಗೂ ನೋಡಿದ್ದಾರಾ ಅಂತ ಮುಂದಿನ ಸಲ ಕೇಳಿ. ಅಲ್ಲಿ ಮಿಂಚೋ ಮಸಿಯೋ ಕಂಡರೆ ಅವತ್ತೇ ತೋರಿಸಿ. ಬರೀ ತೂತಿದ್ದಾಗಲೇ ಸಿಕ್ಕರೆ ಲೇಸರ್‌ನಲ್ಲೇ ಮುಗಿಯುತ್ತೆ, ಕತ್ತರಿಸುವುದೇ ಬೇಡ.

ಕನ್ನಡಕಕ್ಕೆ ಅವಸರ ಬೇಡ. ಗುಳ್ಳೆ ಇರುವಾಗ ಅಂಗಡಿಯಲ್ಲಿ ನಂಬರ್ ಹಾಕಿಸಿದರೆ ದುಡ್ಡು ದಂಡ. ಮೂರು ತಿಂಗಳಾಗಲಿ. ಮತ್ತೆ, ಇನ್ನೆರಡು ವರ್ಷದಲ್ಲಿ ಆ ಕಣ್ಣಿಗೆ ಪೊರೆ ಬರುವುದು ಬಹುಪಾಲು ಖಚಿತ. 50 ದಾಟಿದವರಿಗೆ ಈ ಆಪರೇಷನ್ ಆದ ಮೇಲೆ ಪೊರೆ ಬೇಗ ಬೆಳೆಯುತ್ತೆ. ಒಳ್ಳೆಯದಾಗುತ್ತಿದ್ದ ನೋಟ ಆಗ ಮತ್ತೆ ಮಂಜಾದರೆ ರೆಟಿನಾ ಹೋಯಿತು ಅಂತ ಎದೆ ಒಡೆದುಕೊಳ್ಳಬೇಡಿ, ತೋರಿಸಿ. ಪೊರೆಯಾದರೆ ತೆಗೆದು ಲೆನ್ಸ್ ಹಾಕುತ್ತಾರೆ.

ಎಣ್ಣೆ ವಿಷಯ. ಎಣ್ಣೆ ಅಂದರೆ ಸಿಲಿಕೋನ್ ಎಣ್ಣೆ. ಅದು ತಾನಾಗಿ ಕರಗುವುದಿಲ್ಲ. ಸಾಮಾನ್ಯವಾಗಿ 3-6 ತಿಂಗಳಿಗೆ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಒಳಗಿರುವಷ್ಟು ದಿನ ಕಣ್ಣಿನ ನಂಬರ್ ಪೂರ್ತಿ ಬದಲಾಗಿರುತ್ತೆ, ಮಂಜು ಅಲ್ಲೂ ತಪ್ಪದು. ಒತ್ತಡ ಏರುವ ಭಯ, ಪೊರೆಯ ಭಯ ಅದಕ್ಕೂ ಇದೆ. ಅನುಕೂಲ ಏನೆಂದರೆ ಎಣ್ಣೆ ಹಿಗ್ಗುವುದಿಲ್ಲ, ಊಟಿಗೆ ಹೋಗಬಹುದು. ಹಳೆಯದಾಗಿ ಸುಕ್ಕುಗಟ್ಟಿದ ರೆಟಿನಾಕ್ಕೆ, ಕೆಳಗಡೆ ದೊಡ್ಡ ತೂತಿದ್ದವರಿಗೆ, ಮತ್ತೆ ಮತ್ತೆ ಎದ್ದವರಿಗೆ ನಾನು ಎಣ್ಣೆ ಹಾಕುತ್ತೇನೆ. ನಿಮಗೆ ಪರದೆ ಕೆಳಗಿನಿಂದ ಏರಿತು ಅಂದಿರಿ, ಅಂದರೆ ತೂತು ಮೇಲ್ಭಾಗದಲ್ಲಿದ್ದಿರಬೇಕು. ಅಂಥದ್ದಕ್ಕೆ ಗ್ಯಾಸ್ ಹೇಳಿ ಮಾಡಿಸಿದ್ದು. ಒಂದು ಮದುವೆಗೋಸ್ಕರ ಎಣ್ಣೆ ಹಾಕುವಂತಿರಲಿಲ್ಲ.

ಇನ್ನು ಪಥ್ಯ. ಬದನೆಕಾಯಿ ನಂಜು, ಬಾಡು ನಂಜು ಅಂತ ನಮ್ಮ ಕಡೆ ಎಲ್ಲ ಗಾಯಕ್ಕೂ ಹೇಳುತ್ತಾರೆ. ಕಣ್ಣಿನ ಈ ಗಾಯಕ್ಕೂ ಬದನೆಕಾಯಿಗೂ ಸಂಬಂಧವಿಲ್ಲ. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಬಾಡು ಏನು ಬೇಕಾದರೂ ತಿನ್ನಿ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಅದರ ಪಥ್ಯ ಬಿಡಬೇಡಿ. ಆಲೆಮನೆಯವರು ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು ನನಗೆ ಗೊತ್ತು. ಅವರೆಕಾಳು ಯಾಕೆ ಬಿಟ್ಟಿರಿ ಅಂತ ಮೊದಲು ಹೊಳೆಯಲಿಲ್ಲ. ಆಮೇಲೆ ನಗು ಬಂತು. ಕಣ್ಣಲ್ಲಿ ಗ್ಯಾಸ್ ಇದೆ, ಹೊಟ್ಟೆಯ ಗ್ಯಾಸ್ ಅದಕ್ಕೆ ಸೇರೀತು ಅಂತ ಅಲ್ವಾ? ನೀವೊಬ್ಬರೇ ಅಲ್ಲ, ಅವರೆ ಸೀಸನ್ ಬಂದರೆ ನನ್ನ ಓಪಿಡಿಯಲ್ಲಿ ವಾರಕ್ಕೊಬ್ಬರು ಇದನ್ನು ಕೇಳುತ್ತಾರೆ. ಎರಡೂ ಬೇರೆ ಬೇರೆ. ಆ ಗ್ಯಾಸ್ ಈ ಗ್ಯಾಸಿಗೆ ಹೋಗುವ ದಾರಿಯೇ ಇಲ್ಲ. ತಿನ್ನುವುದಷ್ಟೇ ಅಲ್ಲ, ಅವರೆಕಾಯಿ ಸುಲಿಯಲೂ ಕೂರಿ. ಗುಳ್ಳೆ ಹಿಂದಿನ ಗೋಡೆಗೆ ಒತ್ತಲಿ ಅಂತ ತಲೆ ತಗ್ಗಿಸಿ ಕೂರಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಕೆಲಸ ನಾನು ಕಂಡಿಲ್ಲ.

ನಂದಿಬಟ್ಟಲು ಬೇಡ. ತಾಯಿಯವರ ಪ್ರೀತಿ ದೊಡ್ಡದು, ಅವರ ಕಾಲದಲ್ಲಿ ಕಣ್ಣು ಉರಿದರೆ ಅದನ್ನೇ ಬಿಡುತ್ತಿದ್ದರು. ಆದರೆ ಹಿತ್ತಲಿನ ಹೂವಿನ ಮೇಲೆ ಧೂಳಿದೆ, ಬೂಷ್ಟಿದೆ, ಕಣ್ಣಿಗೆ ಕಾಣದ ಕ್ರಿಮಿ ಇದೆ. ನಿಮ್ಮ ಕಣ್ಣಿನಲ್ಲಿ ಮೂರು ಸಣ್ಣ ರಂಧ್ರ ಮಾಡಿ ಆಪರೇಷನ್ ಮಾಡಿರುತ್ತಾರೆ. ಹೊಸ ಗಾಯದಿಂದ ಕ್ರಿಮಿ ಒಳಹೊಕ್ಕರೆ ಒಂದೆರಡು ದಿನದಲ್ಲಿ ಕಣ್ಣು ಕೀವಾಗುತ್ತೆ. ಹರಳೆಣ್ಣೆ, ಎದೆಹಾಲು, ಗುಲಾಬಿ ನೀರು ಎಲ್ಲಕ್ಕೂ ಇದೇ ಮಾತು. ತಾಯಿಯವರಿಗೆ ಬೇರೆ ಕೆಲಸ ಕೊಡಿ. ಹನಿ ಔಷಧಿ ಬಿಡುವುದು ಅವರ ಪಾಲಿಗಿರಲಿ. ಕೈ ಸೋಪಿನಲ್ಲಿ ತೊಳೆದು, ಶೀಶೆಯ ತುದಿ ರೆಪ್ಪೆಗೆ ತಾಗಿಸದೆ ಒಂದು ಹನಿ. ಎರಡನೇ ಔಷಧಿಗೆ ಐದು ನಿಮಿಷ ಬಿಡುವು. ಸ್ಟೀರಾಯ್ಡ್ ಹನಿಯನ್ನು ಚೆನ್ನಾಗಿದೆ ಅಂತ ತಟ್ಟನೆ ನಿಲ್ಲಿಸಬಾರದು, ಒಳ್ಳೆಯದು ಅಂತ ತಿಂಗಳುಗಟ್ಟಲೆ ಅಂಗಡಿಯಿಂದ ತಂದು ಬಿಡಲೂಬಾರದು. ಕೆಲವರಿಗೆ ಅದು ಸದ್ದಿಲ್ಲದೆ ಕಣ್ಣಿನ ಒತ್ತಡ ಏರಿಸುತ್ತೆ. ಪ್ರತಿ ಸಲ ಹೋದಾಗ ಒತ್ತಡ ಅಳೆಯುವುದು ಇದಕ್ಕೇ.

ಟಿವಿ ನೋಡಿದರೆ, ಪೇಪರ್ ಓದಿದರೆ ಕಣ್ಣು ಸವೆಯುವುದಿಲ್ಲ. ಎಡಗಣ್ಣನ್ನು ಎಷ್ಟು ಬಳಸಿದರೂ ಬಲಗಣ್ಣಿಗೆ ಆಯಾಸವಿಲ್ಲ. ಮಲಗುವ ಭಂಗಿ ಮಾತ್ರ ಮುಖ್ಯ. ನಿಮ್ಮದು 14 ದಿನ ದಾಟಿದೆ, ತೂತು ಸುಮಾರು ಅಂಟಿರುತ್ತೆ. ಆದರೂ ಗುಳ್ಳೆ ಪೂರ್ತಿ ಹೋಗುವವರೆಗೆ ಅಂಗಾತ ಮಲಗಬೇಡಿ. ಅಂಗಾತ ಮಲಗಿದರೆ ಗುಳ್ಳೆ ಮುಂದಕ್ಕೆ ಬಂದು ಲೆನ್ಸಿಗೆ ಒತ್ತುತ್ತೆ, ಪೊರೆ ಬೇಗ ಬರುತ್ತೆ, ಒತ್ತಡವೂ ಏರಬಹುದು. ನಿಮ್ಮ ಡಾಕ್ಟರು ಯಾವ ಮಗ್ಗುಲು ಹೇಳಿದ್ದಾರೋ ಆ ಮಗ್ಗುಲಿಗೆ ಮಲಗಿ, ಬೆನ್ನ ಹಿಂದೆ ಒಂದು ಗಟ್ಟಿ ದಿಂಬು ಇಟ್ಟುಕೊಳ್ಳಿ. ನಿದ್ದೆಯಲ್ಲಿ ಹೊರಳಿದರೆ ಅದು ತಡೆಯುತ್ತೆ. ಲುಂಗಿಯ ಹಿಂಭಾಗಕ್ಕೆ ಗಂಟು ಹಾಕಿಕೊಂಡು ಮಲಗುತ್ತಿದ್ದರು ಒಬ್ಬರು. ಹೊರಳಿದರೆ ಚುಚ್ಚಿ ಎಚ್ಚರವಾಗುತ್ತಿತ್ತಂತೆ. ನಾನು ಹೇಳಿಕೊಟ್ಟದ್ದಲ್ಲ.

ಒಂದೇ ಕಣ್ಣಿನ ಈ ದಿನಗಳಲ್ಲಿ ದೂರದ ಅಂದಾಜು ತಪ್ಪುತ್ತೆ. ಕಾಫಿ ಬಗ್ಗಿಸುವಾಗ ಪಾತ್ರೆಯ ಬಾಯಿಯನ್ನು ಲೋಟದ ಅಂಚಿಗೆ ತಾಗಿಸಿ ಬಗ್ಗಿಸಿ. ಕೊನೆಯ ಮೆಟ್ಟಿಲು ನೆಲವೇ ಇರಬೇಕು ಅನ್ನಿಸುತ್ತೆ, ಕಾಲಿನಿಂದ ತಡವಿ ನೋಡಿ. ಬಲಗಡೆಯಿಂದ ಬರುವವರು ಕಾಣುವುದಿಲ್ಲ, ಕತ್ತನ್ನೇ ಪೂರ್ತಿ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೈಕ್, ಟ್ರ್ಯಾಕ್ಟರ್ ಮುಟ್ಟಬೇಡಿ, ನಮ್ಮ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಂತೂ ಬೇಡ. ತುಳುಕಾಟದಿಂದ ತಲೆ ಸುತ್ತಿದರೆ ಹಳೆ ಕನ್ನಡಕದ ಬಲ ಗಾಜಿಗೆ ಬಿಳಿ ಕಾಗದ ಅಂಟಿಸಿ ಹಾಕಿಕೊಳ್ಳಿ. ಸ್ವಲ್ಪ ಹೊತ್ತು ನೆಮ್ಮದಿ. ಬೆಳಗ್ಗೆ ಗೆರೆ ನೋಡುವಾಗ ಮಾತ್ರ ಅದನ್ನು ತೆಗೆದಿಡಿ.

ಆಲೆಮನೆಗೆ ಒಂದು ತಿಂಗಳು ರಜೆ ಹಾಕಿ. ಕೊಪ್ಪರಿಗೆಯ ಬಿಸಿಗಿಂತ ನನಗೆ ಭಯ ಸುಣ್ಣದ್ದು. ಕಬ್ಬಿನ ಹಾಲು ತಿಳಿಯಾಗಲು ಹಾಕುವ ಸುಣ್ಣ ಒಳ್ಳೆ ಕಣ್ಣಿಗೆ ಸಿಡಿದರೂ ಸುಟ್ಟುಬಿಡುತ್ತೆ, ಇನ್ನು ಈ ಕಣ್ಣಿಗೆ ಕೇಳಬೇಕೇ. ಮತ್ತೆ ಹೋದ ಮೇಲೂ ಪಕ್ಕ ಮುಚ್ಚುವ ಕನ್ನಡಕ ಹಾಕಿ, ನಿಮ್ಮ ಆಳುಗಳಿಗೂ ಕೊಡಿಸಿ. ಮೂಟೆ ಎತ್ತುವ ವಿಷಯದಲ್ಲಿ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ನಾನು ಆರು ವಾರ ಬೇಡ ಅನ್ನುವವನು.

ಮದುವೆಗೆ ಮನೆಯವರನ್ನು ಕಳಿಸಿ, ಧಾರೆಯನ್ನು ಫೋನಿನಲ್ಲೇ ನೋಡಿ. ತೊಡೆಯ ಮೇಲೆ ಫೋನ್ ಇಟ್ಟುಕೊಂಡು ಬಗ್ಗಿ ನೋಡಿದರೆ ಭಂಗಿಯೂ ಸರಿಹೋಗುತ್ತೆ. ಬಾಮೈದ ಬೇಜಾರು ಮಾಡಿಕೊಂಡರೆ ಈ ಉತ್ತರ ತೋರಿಸಿ. ಬೀಗರೂಟಕ್ಕೆ ಖಂಡಿತ ಹೋಗಿ. ನಿಮ್ಮ ಪಕ್ಕದೂರೂ ನಿಮ್ಮೂರಿನಷ್ಟೇ ಎತ್ತರದಲ್ಲಿದೆ. ಬೇರೆಯವರು ಗಾಡಿ ಓಡಿಸಲಿ, ಒಲೆಯ ಹೊಗೆಯಿಂದ ದೂರದ ಪಂಕ್ತಿಯಲ್ಲಿ ಕೂರಿ. ಮುದ್ದೆ, ಬಾಡು, ಬದನೆಕಾಯಿ ಏನು ಬಡಿಸಿದರೂ ಬೇಡ ಅನ್ನಬೇಡಿ.